ಕಾಂತಕ್ಷೇತ್ರದ ಸಾಕ್ಷ್ಯ

ತೋರಣಗಲ್ಲಿನವನಾದ ನನಗೆ ಅಯಸ್ಕಾಂತವೆಂದರೆ ಕಬ್ಬಿಣ, ಕಬ್ಬಿಣವೆಂದರೆ ಸಂಡೂರಿನ ಗುಡ್ಡ. ನಮ್ಮೂರ ಕುಲುಮೆಗಳಲ್ಲಿ ಕರಗಿ ಬರುವ ಆ ಲೋಹ ಕಾಂತಬಲರೇಖೆಗಳನ್ನು, ಬಿರುಕು ಬಿಟ್ಟ ಎರೆಹೊಲ ಮೊದಲ ಮಳೆಯನ್ನು ಕುಡಿವಂತೆ, ಒಳಗೆಳೆದುಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧ ಸ್ವಭಾವದ ವಸ್ತುಗಳೂ ಇವೆ. ಸೀಸವನ್ನು ಮೈನಸ್ 266 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ ಸೊನ್ನೆಯಾಗುತ್ತದೆ. ಇದೇ ಅತಿವಾಹಕತೆ, ಅಂದರೆ ಸೂಪರ್‌ಕಂಡಕ್ಟಿವಿಟಿ. ಆದರೆ ತಡೆಯಿಲ್ಲದಿರುವುದಷ್ಟೇ ಅದರ ಲಕ್ಷಣವಲ್ಲ. ಬರೀ ತಡೆಯಿಲ್ಲದ ಲೋಹವಾಗಿದ್ದರೆ, ತಣಿಯುವ ಮುನ್ನ ಒಳಗಿದ್ದ ಕಾಂತಕ್ಷೇತ್ರವನ್ನು ಅದು ಹಾಗೆಯೇ ಹಿಡಿದಿಟ್ಟುಕೊಳ್ಳಬೇಕಿತ್ತು. ಅತಿವಾಹಕವಾದರೋ ಅದನ್ನು ಹೊರಗಟ್ಟುತ್ತದೆ. ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲಿ ಇದನ್ನು ಕಂಡರು. ಮೇಲ್ಮೈಯಲ್ಲಿ ತಾನಾಗಿ ಹುಟ್ಟುವ ವಿದ್ಯುತ್ ಪ್ರವಾಹವು ಒಳಗಿನ ಕ್ಷೇತ್ರವನ್ನು ಅಳಿಸಿಹಾಕುತ್ತದೆ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಆಳಕ್ಕೆ, ಹೆಚ್ಚುಕಡಿಮೆ, ಅದು ಇಣುಕಬಲ್ಲದು. (ಎಲ್ಲ ಅತಿವಾಹಕಗಳೂ ಇಷ್ಟು ಕಟ್ಟುನಿಟ್ಟಲ್ಲ. ಎಂಆರ್‌ಐ ಯಂತ್ರದ ನಿಯೋಬಿಯಂ-ಟೈಟಾನಿಯಂ ತಂತಿ ಪ್ರಬಲ ಕ್ಷೇತ್ರವನ್ನು ಸಣ್ಣ ಸಣ್ಣ ಸುಳಿಗಳಾಗಿ ಒಳಬಿಟ್ಟುಕೊಂಡು ಕಟ್ಟಿಹಾಕುತ್ತದೆ. 1957ರಲ್ಲೇ ಈ ಸುಳಿಗಳನ್ನು ಲೆಕ್ಕ ಹಾಕಿ ತೋರಿಸಿದ ಅಬ್ರಿಕೊಸೊವ್‌ಗೆ ನೊಬೆಲ್ ಬಂದದ್ದು 2003ರಲ್ಲಿ!)

ಹೀಗಾಗಿ ಅತಿವಾಹಕತೆಯ ಹಕ್ಕುದಾರಿಕೆಗೆ ಕಾಂತಕ್ಷೇತ್ರವೇ ಮುಖ್ಯ ಸಾಕ್ಷಿ. ತಂತಿಯ ಸಂಪರ್ಕ ಕೆಟ್ಟರೂ ಮಾಪಕ ಸೊನ್ನೆ ತೋರಿಸಬಹುದು.

2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತುವೊಂದು ಮೈನಸ್ 37 ಡಿಗ್ರಿಯಲ್ಲೇ, ಸಾಮಾನ್ಯ ಒತ್ತಡದಲ್ಲೇ, ಅತಿವಾಹಕವಾಗುತ್ತದೆಂದು ಪ್ರಕಟಿಸಿದರು. ನಿಜವಾಗಿದ್ದರೆ ಶತಮಾನದ ಸುದ್ದಿ. ಕನ್ನಡಿಗರಿಗಂತೂ ಹೆಮ್ಮೆಯ ಸುದ್ದಿ. ಆದರೆ ಸಂದೇಹ ಹುಟ್ಟಿದ್ದು ಅದೇ ಸಾಕ್ಷಿಯ ಹೇಳಿಕೆಯಲ್ಲಿ. ಎರಡು ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ತೆಗೆದ ಅಳತೆಗಳ ಏರಿಳಿತದ ಗದ್ದಲ ಚುಕ್ಕಿಗೆ ಚುಕ್ಕಿ ಹೋಲುತ್ತಿರುವುದನ್ನು ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಗುರುತಿಸಿದರು. ಗದ್ದಲವೆಂಬುದು ಆಕಸ್ಮಿಕ, ಎರಡು ದಿನದ ಸಂತೆಯ ಕೂಗು ಅಕ್ಷರಶಃ ಒಂದೇ ಆಗಿರಲಾರದು. 2019ರ ಮೇನಲ್ಲಿ ಇನ್ನಷ್ಟು ಸಹಲೇಖಕರು ಹಾಗೂ ಹೊಸ ಅಳತೆಗಳೊಡನೆ ಪರಿಷ್ಕೃತ ಪ್ರಬಂಧ ಬಂತು. ಆ ಹಕ್ಕುದಾರಿಕೆಯನ್ನು ವಿಜ್ಞಾನಲೋಕ ಇಂದಿಗೂ ಒಪ್ಪಿಕೊಂಡಿಲ್ಲ.

ನನ್ನ ತಕರಾರು ಆ ವಿಜ್ಞಾನಿಗಳ ಮೇಲಲ್ಲ, ನಮ್ಮ ಮೇಲೆ. ಘೋಷಣೆಯಾದಾಗ ಕುಣಿದ ನಾವು ಆಮೇಲೆ ಏನಾಯಿತೆಂದು ಕೇಳಲೇ ಇಲ್ಲ. 2023ರಲ್ಲಿ ಕೊರಿಯದ ಎಲ್‌ಕೆ-99 ಚೂರು ಅಯಸ್ಕಾಂತದ ಮೇಲೆ ಅರ್ಧ ತೇಲಿದ ವಿಡಿಯೊಕ್ಕೂ ಜಗತ್ತು ಹಾಗೆಯೇ ಮರುಳಾಯಿತು. ಆ ಓರೆ ತೇಲುವಿಕೆಗೆ ಅತಿವಾಹಕತೆ ಬೇಕಿಲ್ಲ, ನಮ್ಮೂರ ಕಬ್ಬಿಣದ ಜಾತಿಯ ಕಾಂತಗುಣವೇ ಸಾಕೆಂದು ಬಳಿಕ ತಿಳಿಯಿತು.

1987ರಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ತಂಡ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಕುರಿತು ಕೆಲಸ ಮಾಡಿತ್ತು. ಅದೇ ಹೊತ್ತಿಗೆ ಅನೇಕ ದೇಶಗಳ ಪ್ರಯೋಗಾಲಯಗಳು ಅದೇ ವಸ್ತುವನ್ನು ತಯಾರಿಸಿ, ಅದೇ ಫಲಿತಾಂಶ ಪಡೆದಿದ್ದವು. ಇಂದು ಅದರ ಬಿಲ್ಲೆಯೊಂದನ್ನು ದ್ರವ ಸಾರಜನಕದಲ್ಲಿ ಅದ್ದಿ, ಕಾಲೇಜು ವಿದ್ಯಾರ್ಥಿಯೂ ಅದರ ಮೇಲೆ ಅಯಸ್ಕಾಂತವನ್ನು ತೇಲಿಸಬಲ್ಲ.