ಆಪ್ ಜೈಸಾ ಕೋಯಿ: ಬೆಂಗಳೂರಿನ ಇಬ್ಬರು, ಕರಾಚಿಯ ಒಬ್ಬ ಹುಡುಗಿ

ಇವತ್ತು ಒಂದೇ ಒಂದು ಹಾಡಿನ ಬಗ್ಗೆ ಮಾತು. 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’. ಮುಂಬೈ, ಪುಣೆ ಕಡೆ ಇರೋರಿಗೆ ಇದನ್ನ ಪರಿಚಯ ಮಾಡಿಸಬೇಕಾಗಿಲ್ಲ. ಮದುವೆ ಆರ್ಕೆಸ್ಟ್ರಾ, ಸೊಸೈಟಿಯ ಡಿಸೆಂಬರ್ 31ರ ಪಾರ್ಟಿ, ಟ್ಯಾಕ್ಸಿ ರೇಡಿಯೊ, ಎಲ್ಲಾದರೂ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತೆ. ಎಲ್ಲರೂ ಇದನ್ನ ಬಾಲಿವುಡ್ ಡಿಸ್ಕೊ ಅಂತ ಕರೀತಾರೆ. ನನ್ನ ಪ್ರಕಾರ ಇದು ಬಾಲಿವುಡ್ ಹಾಡೇ ಅಲ್ಲ. ಬೇರೆ ಊರಲ್ಲಿ, ಬೇರೆ ಪದ್ಧತಿಯಲ್ಲಿ ತಯಾರಾಗಿ ಸಿನಿಮಾದೊಳಗೆ ಬಂದು ಕೂತ ಪಾಪ್ ಹಾಡು. ಅದು ಅಷ್ಟು ಹೊಸದಾಗಿ ಕೇಳಿಸಿದ್ದಕ್ಕೆ ಕಾರಣವೂ ಅದೇ.

ಮೊದಲು ಸಂಗೀತ ಮಾಡಿದವರ ಬಗ್ಗೆ. ಹೆಸರು ಬಿದ್ದು. ನಮ್ಮ ಲಿಪಿಯಲ್ಲಿ ಬರೆದರೆ ‘ಎಲ್ಲಿ ಬಿದ್ದು?’ ಅಂತ ಕೇಳಬೇಕು ಅನ್ನಿಸುತ್ತೆ, ಆದರೆ ಕೊಡಗಿನವರಿಗೆ ಗೊತ್ತಾಗುತ್ತೆ. ಬಿದ್ದಪ್ಪ, ಬಿದ್ದಯ್ಯ ಅನ್ನೋ ಹೆಸರುಗಳ ಕಡೆಯದು ಇದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ರೇಡಿಯೊ ಸಿಲೋನ್‌ನಲ್ಲಿ ಇಂಗ್ಲಿಷ್ ಹಾಡು ಕೇಳ್ತಾ ಬೆಳೆದು, ಗೆಳೆಯರ ಜತೆ ‘ಟ್ರೋಜನ್ಸ್’ ಅಂತ ಬ್ಯಾಂಡ್ ಕಟ್ಟಿ, ಕಲ್ಕತ್ತಾದ ಟ್ರಿಂಕಾಸ್ ಹೋಟೆಲಿನಲ್ಲಿ ಹಾಡಿ, ಬೊಂಬಾಯಿಗೆ ಬಂದು, ಅರವತ್ತರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡ್ ಸೇರಿಕೊಂಡರು.

ಅಲ್ಲಿ 1974ರಲ್ಲಿ ನಡೆದದ್ದು ಒಂದು ತಮಾಷೆ. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಕೈಲಿ ಒಂದು ಹಾಡು ರೆಕಾರ್ಡ್ ಮಾಡಿಸ್ತಿದ್ದರು. ಡಿಸ್ಕಿನ ಮುಂಭಾಗಕ್ಕೆ ಅದು. ಹಿಂಭಾಗಕ್ಕೆ ಏನಾದರೂ ಒಂದು ಬೇಕಲ್ಲ? ಸ್ಟುಡಿಯೊ ಸಮಯ ಮುಗಿಯೋಕೆ ಹತ್ತು ನಿಮಿಷ ಇದೆ ಅನ್ನುವಾಗ, ಡಗ್ಲಸ್ ಬರೆದಿಟ್ಟಿದ್ದ ಸಾಹಿತ್ಯಗಳಲ್ಲಿ ಒಂದನ್ನ ಎತ್ತಿಕೊಂಡು ಹಾಡಿಸಿ ಮುಗಿಸಿದರು. ಅದೇ ‘ಕುಂಗ್ ಫೂ ಫೈಟಿಂಗ್’. ಕಂಪನಿಯವರು ಕೇಳಿ, ಇದೇ ಮುಂಭಾಗಕ್ಕಿರಲಿ ಅಂದರು. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಅದು ಮೊದಲನೇ ಸ್ಥಾನಕ್ಕೆ ಹೋಯಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಮತ್ತೆ ಬ್ರಿಟನ್ನಿನಲ್ಲಿ ನಂಬರ್ ಒನ್. ಅಂದರೆ ‘ಕುರ್ಬಾನಿ’ ಸಿನಿಮಾದವರು ಬಿದ್ದು ಅವರಿಗೆ ಅವಕಾಶ ಕೊಟ್ಟರು ಅನ್ನೋದು ಉಲ್ಟಾ ಮಾತು. ಆ ಹೊತ್ತಿಗೆ ಹಿಂದಿ ಸಿನಿಮಾದ ಯಾವ ಸಂಗೀತ ನಿರ್ದೇಶಕನಿಗೂ ಇಲ್ಲದ ಗೆಲುವು ಇವರ ಜೇಬಿನಲ್ಲಿತ್ತು.

ಹಾಗಾದರೆ ಒಂದು ಹಿಂದಿ ಸಿನಿಮಾಕ್ಕೆ ಯಾಕೆ ಒಪ್ಪಿದರು? ಕೇಳಿಕೊಂಡವರು ಫಿರೋಜ್ ಖಾನ್. ನಿರ್ಮಾಪಕರೂ ಅವರೇ, ನಿರ್ದೇಶಕರೂ ಅವರೇ, ನಾಯಕರೂ ಅವರೇ. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ: ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆ ಅಫ್ಘಾನಿಸ್ತಾನದ ಕಡೆಯವರು, ತಾಯಿ ಇರಾನಿ ಮೂಲದವರು. ಊರಿನವರು ಅನ್ನೋ ಸಲುಗೆ ಎಷ್ಟು ಕೆಲಸ ಮಾಡಿತೋ ನಾನು ಹೇಳಲಾರೆ, ಆದರೆ ಲಂಡನ್ನಿನಲ್ಲಿ ಕೂತ ಇಬ್ಬರು ಬೆಂಗಳೂರಿನವರು ಬೊಂಬಾಯಿಗಾಗಿ ಹಾಡು ಮಾಡಿದರು ಅನ್ನೋದಂತೂ ನಿಜ. ಚಿತ್ರದ ಉಳಿದ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ ಅವರದು. ಬಿದ್ದು ಮಾಡಿದ್ದು ಈ ಒಂದೇ ಹಾಡು. ಸಾಹಿತ್ಯ ಇಂದೀವರ್.

ಈಗ ಧ್ವನಿ. ನಾಜಿಯಾ ಹಸನ್ 1965ರಲ್ಲಿ ಕರಾಚಿಯಲ್ಲಿ ಹುಟ್ಟಿ, ಅಲ್ಲೂ ಲಂಡನ್ನಿನಲ್ಲೂ ಬೆಳೆದ ಹುಡುಗಿ. ಚಿಕ್ಕಂದಿನಲ್ಲಿ ತಮ್ಮ ಜೊಹೇಬ್ ಜತೆ ಪಾಕಿಸ್ತಾನ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಹಾಡಿದ್ದು ಬಿಟ್ಟರೆ ವೃತ್ತಿ ಅನುಭವ ಇಲ್ಲ. ಲಂಡನ್ನಿನ ಒಂದು ಪಾರ್ಟಿಯಲ್ಲಿ ಫಿರೋಜ್ ಖಾನ್ ಆಕೆಯನ್ನ ಕಂಡು, ಬಿದ್ದು ಅವರ ಹತ್ತಿರ ಧ್ವನಿ ಪರೀಕ್ಷೆಗೆ ಕಳಿಸಿದರು. ಆಗ ಆಕೆ ಶಾಲೆಗೆ ಹೋಗೋ ವಯಸ್ಸು. ಹಾಡು ಬಂದಾಗ 15.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ಹಾಡಿನ ಗುಟ್ಟು ಇರೋದು ರೆಕಾರ್ಡಿಂಗ್‌ನಲ್ಲಿ. ಆಗ ಬೊಂಬಾಯಿಯಲ್ಲಿ ಹಾಡು ತಯಾರಾಗ್ತಿದ್ದ ರೀತಿ ನೆನಪಿಸಿಕೊಳ್ಳಿ. ತಾರದೇವ್‌ನ ಫಿಲ್ಮ್ ಸೆಂಟರ್ ತರಹದ ಸ್ಟುಡಿಯೊ. ಹತ್ತಾರು ಪಿಟೀಲು, ತಬಲಾ, ಢೋಲಕ್, ಕೊಳಲು, ಎಲ್ಲರೂ ಒಟ್ಟಿಗೆ. ಅವರ ಜತೆಗೇ ಗಾಯಕಿಯೂ ಮೈಕ್ ಮುಂದೆ ನಿಂತು ಹಾಡಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಅಂಥ ಜಾಗದಲ್ಲಿ ಲತಾ, ಆಶಾ ಅವರಂಥ ಪಳಗಿದ ಕಂಠ ಬೇಕೇ ಬೇಕು. ಅನುಭವ ಇಲ್ಲದ ಹುಡುಗಿಯನ್ನ ತಂದು ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಅಳಿಸಿ ಕಳಿಸ್ತಿದ್ದರು.

ಲಂಡನ್ನಿನ ಪದ್ಧತಿ ಬೇರೆ. ಅಲ್ಲಿ 24 ಟ್ರ್ಯಾಕ್ ಟೇಪ್. ಅಂದರೆ ಒಂದೇ ಟೇಪಿನ ಮೇಲೆ 24 ಬೇರೆ ಬೇರೆ ಪಟ್ಟಿ. ಒಂದು ಪಟ್ಟಿಯಲ್ಲಿ ಡ್ರಮ್, ಇನ್ನೊಂದರಲ್ಲಿ ಬಾಸ್ ಗಿಟಾರ್, ಮತ್ತೊಂದರಲ್ಲಿ ಕೀಬೋರ್ಡ್. ಒಂದೊಂದನ್ನೂ ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿ, ಸರಿಹೋಗದಿದ್ದರೆ ಅದನ್ನಷ್ಟೇ ಮತ್ತೆ ನುಡಿಸಿ, ಆಮೇಲೆ ಜೋಡಿಸೋದು. ಗಾಯಕಿ ಬರೋದು ಕೊನೆಗೆ. ಕಿವಿಗೆ ಹೆಡ್‌ಫೋನ್, ಹಿನ್ನೆಲೆ ಸಿದ್ಧ, ಯಾರೂ ಕಾಯ್ತಿಲ್ಲ. ಸಾಲದ್ದಕ್ಕೆ ಬಿದ್ದು ಆಕೆಯ ಧ್ವನಿಯ ಮೇಲೆ ಆಕೆಯದೇ ಧ್ವನಿಯನ್ನ ಇನ್ನೊಂದು ಪದರವಾಗಿ ಕೂರಿಸಿದರು. ಅದೇ ಸಾಲನ್ನ ಎರಡನೇ ಸಲ ಹಾಡಿಸಿದಾಗ ಉಸಿರು, ಕಾಲ ಕೂದಲೆಳೆಯಷ್ಟು ಆಚೀಚೆ ಆಗುತ್ತೆ. ಎರಡೂ ಒಟ್ಟಿಗೆ ಬಂದಾಗ ತೆಳು ಕಂಠಕ್ಕೂ ಒಂದು ಮೈ ಬರುತ್ತೆ. ದೋಸೆಗೆ ಎರಡನೇ ಸಲ ಎಣ್ಣೆ ಬಿಟ್ಟ ಹಾಗೆ ಅನ್ನಿ.

ಕೆಳಗಡೆ ಧಬ್ ಧಬ್ ಅಂತ ಒಂದೇ ಸಮ ಬೀಳೋ ಡ್ರಮ್. ನಾಲ್ಕಕ್ಕೆ ನಾಲ್ಕೂ ಪೆಟ್ಟು ಸಮ ತೂಕ. ನಮ್ಮ ಕಹರವಾದಲ್ಲಿ ಒಂದು ಓಲಾಟ ಇದೆಯಲ್ಲ, ಅದು ಇಲ್ಲಿಲ್ಲ. ಅದರ ಮೇಲೆ ಹರಕತ್ತು ಇಲ್ಲ, ಮುರ್ಕಿ ಇಲ್ಲ, ಸ್ವಲ್ಪ ಮೂಗಿನ ಧ್ವನಿಯಲ್ಲಿ ನೇರವಾಗಿ ಹೇಳಿಬಿಟ್ಟ ಹಾಗೆ ಹಾಡು. ಶಾಸ್ತ್ರೀಯ ಕಿವಿಯವರಿಗೆ ಇದು ಹಾಡಲು ಬಾರದವರ ಹಾಡು ಅನ್ನಿಸಬಹುದು. ನನಗನ್ನಿಸೋದು, ಇದೇ ಹಾಡನ್ನ ಆಶಾ ಹಾಡಿದ್ದರೆ ನೂರು ಪಾಲು ಚೆನ್ನಾಗಿರ್ತಿತ್ತು, ಮತ್ತು ಎರಡು ವರ್ಷದಲ್ಲಿ ಮರೆತುಹೋಗ್ತಿತ್ತು. ಅಂಥ ಕ್ಲಬ್ ಹಾಡುಗಳು ಆಶಾ ಅವರದೇ ರಾಶಿ ಇದ್ದವು. ಆದರೆ ತಯಾರಿಲ್ಲದ ಹದಿಹರೆಯದ ದನಿಯೊಂದು ಸಿನಿಮಾದಲ್ಲಿ ಹೀಗೆ ಕೇಳಿಸಿದ್ದು ಅಪರೂಪ. ಕಾಲೇಜು ಹುಡುಗಿಯರಿಗೆ ‘ಇದು ನಾನೂ ಹಾಡಬಹುದು’ ಅನ್ನಿಸುವಂಥ ದನಿ.

ಒಂದು ಅಸಮಾಧಾನ ಮಾತ್ರ ನನಗೆ ಇದ್ದೇ ಇದೆ. ಪರದೆ ಮೇಲೆ ಈ ಹಾಡಿಗೆ ತುಟಿ ಆಡಿಸಿದವರು ಜೀನತ್ ಅಮಾನ್, ನೈಟ್‌ಕ್ಲಬ್ಬಿನ ಗಾಯಕಿಯಾಗಿ. ಕ್ಯಾಮೆರಾ ಅವರನ್ನ ನೋಡೋ ನೋಟ ಹೇಗಿದೆ ಅಂತ ನಿಮಗೇ ಗೊತ್ತು. ಆ ಮೈಗೆ ಅಂಟಿಸಿದ್ದು 15ರ ಹುಡುಗಿಯ ಧ್ವನಿ. ಆ ಕಾಲದಲ್ಲಿ ಇದು ಯಾರಿಗೂ ಮುಜುಗರ ಅನ್ನಿಸಿದ ಹಾಗಿಲ್ಲ. ಈಗ ಗೊತ್ತಿದ್ದು ಕೇಳೋವಾಗ ನನಗೆ ಅನ್ನಿಸುತ್ತೆ.

ಹಾಡು ಎಷ್ಟು ಓಡಿತು ಅನ್ನೋದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ನೋಡಿ. ಶ್ರೇಷ್ಠ ಗಾಯಕಿ ಪ್ರಶಸ್ತಿ 1979ರಲ್ಲಿ ಆಶಾ ಭೋಂಸ್ಲೆಗೆ, 1980ರಲ್ಲಿ ನಮ್ಮ ಕನ್ನಡ ಹಾಡುಗಳಿಗೂ ಪ್ರಿಯರಾದ ವಾಣಿ ಜಯರಾಮ್ ಅವರಿಗೆ ‘ಮೀರಾ’ ಚಿತ್ರದ ಭಜನೆಗಾಗಿ, 1981ರಲ್ಲಿ ನಾಜಿಯಾಗೆ. ಮೀರಾ ಭಜನೆಯಿಂದ ಡಿಸ್ಕೊಗೆ ಒಂದೇ ವರ್ಷ! ಆಶಾ ಅವರು ತಮ್ಮ ಹೆಸರನ್ನ ಇನ್ನು ಪರಿಗಣಿಸಬೇಡಿ ಅಂತ ಹಿಂದೆ ಸರಿದಿದ್ದರು, ಲತಾ ಇನ್ನೂ ಮೊದಲೇ. ಹಾಗಾಗಿ ದಾರಿ ಸ್ವಲ್ಪ ಖಾಲಿ ಇತ್ತು ಅನ್ನೋದೂ ನಿಜ. ಆ ವರ್ಷದ ಸಂಗೀತ ನಿರ್ದೇಶನ ಪ್ರಶಸ್ತಿ ಮಾತ್ರ ‘ಕರ್ಜ್’ ಚಿತ್ರಕ್ಕೆ, ಲಕ್ಷ್ಮೀಕಾಂತ್-ಪ್ಯಾರೇಲಾಲ್‌ಗೆ ಹೋಯಿತು.

ಇನ್ನು ಆಕೆಯ ಊರಿನಲ್ಲಿ? 1965ರ ಯುದ್ಧದ ಮೇಲೆ ಪಾಕಿಸ್ತಾನದ ಚಿತ್ರಮಂದಿರಗಳಲ್ಲಿ ಭಾರತದ ಸಿನಿಮಾ ಬಂದ್. 1980ರಲ್ಲಿ ಜನರಲ್ ಜಿಯಾ ಆಡಳಿತ ಬೇರೆ. ಭಾರತದಲ್ಲಿ ಪ್ರಶಸ್ತಿ ತಂದುಕೊಟ್ಟ ಸಿನಿಮಾವನ್ನ ಕರಾಚಿಯ ಥಿಯೇಟರಿನಲ್ಲಿ ನೋಡೋ ಹಾಗೇ ಇರಲಿಲ್ಲ. ಆದರೆ ಕ್ಯಾಸೆಟ್ಟಿಗೆ ಗಡಿ ಎಲ್ಲಿದೆ? ಹಾಡು ಎರಡೂ ಕಡೆ ಮನೆ ಮನೆಗೆ ಹೋಯಿತು.

ಡಿಸ್ಕೊ ಇತಿಹಾಸದಲ್ಲೂ ಇದಕ್ಕೊಂದು ವಿಚಿತ್ರ ಜಾಗ ಇದೆ. 1979ರ ಜುಲೈ 12ರಂದು ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಜನ ಡಿಸ್ಕೊ ರೆಕಾರ್ಡುಗಳನ್ನ ರಾಶಿ ಹಾಕಿ ಸ್ಫೋಟಿಸಿ ಗಲಾಟೆ ಎಬ್ಬಿಸಿದ್ದರು. ಅಮೆರಿಕದಲ್ಲಿ ಡಿಸ್ಕೊಗೆ ತಿಥಿ ಮಾಡಿದ ಮರುವರ್ಷ ನಮ್ಮಲ್ಲಿ ನಾಮಕರಣ. 1982ರಲ್ಲಿ ಬಪ್ಪಿ ಲಹಿರಿ ಅವರ ‘ಡಿಸ್ಕೊ ಡಾನ್ಸರ್’ ಬಂತು. ಅಷ್ಟರಲ್ಲಿ ಕನ್ನಡದಲ್ಲಿ ಶಂಕರ್‌ನಾಗ್ ಅವರ ‘ಗೀತಾ’ದಲ್ಲಿ ಇಳಯರಾಜಾ ವೇದಿಕೆ ಹಾಡು ಕೊಟ್ಟಾಗಿತ್ತು, 1981ರಲ್ಲೇ. (ಅದಕ್ಕೆ ಬೇರೆ ವಿಡಿಯೊನೇ ಬೇಕು, ಇವತ್ತು ಬೇಡ.)

ಆದರೆ ನನಗೆ ಡಿಸ್ಕೊಗಿಂತ ಮುಖ್ಯ ಅನ್ನಿಸೋದು ಆಮೇಲಿನ ಕಥೆ. ಈ ಹಾಡಿನ ಬಲದ ಮೇಲೆ 1981ರಲ್ಲಿ ಬಿದ್ದು, ನಾಜಿಯಾ, ಜೊಹೇಬ್ ಸೇರಿ ‘ಡಿಸ್ಕೊ ದೀವಾನೆ’ ಮಾಡಿದರು. ಎಚ್‌ಎಂವಿ ಹೊರತಂದಿತು. ಅದಕ್ಕೆ ಸಿನಿಮಾ ಇಲ್ಲ, ನಾಯಕ ಇಲ್ಲ, ಕಥೆ ಇಲ್ಲ. ಸಿನಿಮಾ ಇಲ್ಲದ ಪಾಪ್ ಆಲ್ಬಂ ಅಂಗಡಿಯಲ್ಲಿ ಮುಗಿಬಿದ್ದು ಮಾರಾಟವಾಯಿತು. ದಕ್ಷಿಣ ಅಮೆರಿಕದ ಬ್ರೆಜಿಲ್ ತನಕ ಹೋಯಿತು. ಮುಂದೆ 1995ರಲ್ಲಿ ಅಲೀಷಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಬಂದಾಗ ಇಂಡಿಪಾಪ್ ಅಂತ ಎಲ್ಲರೂ ಕುಣಿದರಲ್ಲ, ಅದರ ಸಂಗೀತವೂ ಬಿದ್ದು ಅವರದೇ.

ನಾಜಿಯಾ ಸಿನಿಮಾದ ಹಿಂದೆ ಬೀಳಲಿಲ್ಲ. ಲಂಡನ್ನಿನಲ್ಲಿ ಕಾನೂನು ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲೇ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ 35 ವರ್ಷ. ಪಾಕಿಸ್ತಾನ ಸರ್ಕಾರ ‘ಪ್ರೈಡ್ ಆಫ್ ಪರ್ಫಾರ್ಮೆನ್ಸ್’ ಕೊಟ್ಟದ್ದು 2002ರಲ್ಲಿ, ಸತ್ತ ಮೇಲೆ. ಫಿರೋಜ್ ಖಾನ್ 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ಮಣ್ಣಾದದ್ದೂ ಅಲ್ಲೇ.

ಹಾಡಿಗೆ ಮಾತ್ರ ವಯಸ್ಸಾಗಿಲ್ಲ. 2022ರ ‘ಆ್ಯನ್ ಆ್ಯಕ್ಷನ್ ಹೀರೊ’ ಚಿತ್ರದಲ್ಲಿ ಮಲೈಕಾ ಅರೋರಾ ಕುಣಿದ ಹೊಸ ರೂಪ ಬಂತು. ಕಾಪಿರೈಟ್ ಕಾಟ ಇರೋದರಿಂದ ವಿಡಿಯೊದಲ್ಲಿ ತುಣುಕು ಹಾಕೋಕೆ ಆಗಲಿಲ್ಲ, ನೀವೇ ಎರಡನ್ನೂ ಹುಡುಕಿ ಒಂದರ ಹಿಂದೆ ಒಂದು ಕೇಳಿ. ಫೋನ್ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನ್ ಹಾಕ್ಕೊಂಡು. ಹಳೆಯದರಲ್ಲಿ ಡ್ರಮ್ ಪಕ್ಕಕ್ಕಿಟ್ಟು ಧ್ವನಿಯನ್ನಷ್ಟೇ ಹಿಂಬಾಲಿಸಿ. ಸಾಲಿನ ಕೊನೆಯಲ್ಲಿ ಆಕೆ ಸ್ವರವನ್ನ ಎಳೆಯದೆ ಬಿಟ್ಟುಬಿಡೋದು, ಆ ಎರಡನೇ ಪದರ ಅರೆಕ್ಷಣ ತಡವಾಗಿ ಬಿಡೋದು, ಎರಡೂ ಕೇಳಿಸುತ್ತೆ.