ಕುಕ್ಕರಗಾಲಲ್ಲಿ ಕೂರಲಾಗುತ್ತದೆಯೇ ಎಂದೂ ಕೇಳಿ

ಪಾವಗಡ, ಮಧುಗಿರಿ, ಶಿರಾ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹೊಸ ಸಂಗತಿಯೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಫ್ಲೋರೋಸಿಸ್ ಎಂಬ ಈ ಕಾಯಿಲೆಯ ಬಿಗಿತ ಗುರುತಿಸಲು ಸುಲಭದ ಪರೀಕ್ಷೆಗಳಿವೆ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಇವು ಕೀಲು ಎಷ್ಟು ಬಿಗಿದಿದೆ ಎಂದು ಹೇಳುತ್ತವೆಯೇ ಹೊರತು, ಆ ವ್ಯಕ್ತಿಯ ದಿನ ಹೇಗೆ ಸಾಗುತ್ತಿದೆ ಎಂದು ಹೇಳುವುದಿಲ್ಲ. ಅದಕ್ಕೆಂದೇ ಪ್ರಶ್ನಾವಳಿಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕ ಉಣ್ಣುವುದು, ಸ್ನಾನ, ಬಟ್ಟೆ ತೊಡುವುದು, ಮೆಟ್ಟಿಲು ಹತ್ತುವುದು ಮುಂತಾದ 10 ಕೆಲಸಗಳಿಗೆ ಒಟ್ಟು 100 ಅಂಕ ಕೊಡುತ್ತದೆ. ಪಾರ್ಶ್ವವಾಯು ಪೀಡಿತರಿಗೆ ಇದು ಒಳ್ಳೆಯ ಅಳತೆ. ಆದರೆ ಕಡಲೆಕಾಯಿ ಹೊಲದಲ್ಲಿ ಕೂತು ಕಳೆ ಕೀಳಲಾಗದ ಹೆಂಗಸು ಇದರಲ್ಲಿ ಪೂರ್ತಿ 100 ಪಡೆಯಬಹುದು. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ ಬಂದ ಸಂಧಿವಾತದ ಪ್ರಶ್ನಾವಳಿ ಕೀಲುನೋವಿಗೆ ಇನ್ನೂ ಹತ್ತಿರದ್ದು. ಆದರೆ ಅದು ಕಾರು ಹತ್ತಿ ಇಳಿಯುವುದನ್ನು, ತೊಟ್ಟಿಯಲ್ಲಿ ಕೂತು ಸ್ನಾನ ಮಾಡುವುದನ್ನು ಕೇಳುತ್ತದೆ. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಭಾರತೀಯ ವೈದ್ಯರು ಅದನ್ನು ಪರಿಷ್ಕರಿಸಿದ ಮೇಲೆಯೇ ಸೇರಿದವು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೈಪಿಡಿ ಹೊರತಂದ ಪ್ರಶ್ನಾವಳಿಯ ಕಿರು ರೂಪದಲ್ಲಿ 12 ಪ್ರಶ್ನೆಗಳು. ಕಳೆದ 30 ದಿನಗಳಲ್ಲಿ ಅರ್ಧ ಗಂಟೆ ನಿಲ್ಲಲು, ಒಂದು ಕಿಲೋಮೀಟರ್ ನಡೆಯಲು, ಮನೆಗೆಲಸ ನಿಭಾಯಿಸಲು, ಊರಿನ ಹಬ್ಬ-ಜಾತ್ರೆಯಂಥವುಗಳಲ್ಲಿ ಸೇರಲು ಎಷ್ಟು ಕಷ್ಟವಾಯಿತು ಎಂದು ಕೇಳುತ್ತದೆ. ದೇಹದ ಜೊತೆಗೆ ಬದುಕನ್ನೂ ಕೇಳುವ ಕಾರಣಕ್ಕೆ ನನ್ನ ಒಲವು ಇದರ ಕಡೆಗೆ. ಆದರೆ ಇದರಲ್ಲೂ ನೆಲದ ಮೇಲೆ ಕೂತೇಳುವ, ಕೊಡ ಎತ್ತುವ ಪ್ರಶ್ನೆ ಇಲ್ಲ; ಅವನ್ನು ನಾವೇ ಸೇರಿಸಿಕೊಳ್ಳಬೇಕು.

ಊರಿಗೊಂದು ಪ್ರಶ್ನೆ ಸೇರಿಸುತ್ತ ಹೋದರೆ ಮಧುಗಿರಿಯ ಅಂಕವನ್ನು ಬೇರೆ ಜಿಲ್ಲೆಯ ಅಂಕದೊಂದಿಗೆ ಹೋಲಿಸುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೂಲದ 12 ಪ್ರಶ್ನೆಗಳನ್ನು ಮುಟ್ಟದೆ, ಸ್ಥಳೀಯ ಪ್ರಶ್ನೆಗಳಿಗೆ ಬೇರೆಯೇ ಅಂಕ ಕೊಟ್ಟರೆ ಹೋಲಿಕೆ ಕೆಡುವುದಿಲ್ಲ. ಅಂಗವೈಕಲ್ಯ ಪಿಂಚಣಿಯ ಆಸೆಗೆ ಜನ ಕಷ್ಟವನ್ನು ಹಿಗ್ಗಿಸಿ ಹೇಳುತ್ತಾರೆ ಎಂಬ ಶಂಕೆಯೂ ಇದೆ. ಆದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ವೈದ್ಯರ ತಪಾಸಣೆ ಹೇಗೂ ಇರುತ್ತದೆ. ಪ್ರಶ್ನಾವಳಿಯ ಕೆಲಸ ಯಾರಿಗೆ ಯಾವ ನೆರವು ಬೇಕೆಂದು ತಿಳಿಯುವುದು. ಅಲ್ಲದೆ, ದಿನವೂ ದುಡಿದೇ ಉಣ್ಣುವವರು ನೋವನ್ನು ಮುಚ್ಚಿಟ್ಟು 'ಪರವಾಗಿಲ್ಲ' ಎನ್ನುವ ಸಾಧ್ಯತೆಯೂ ಅಷ್ಟೇ ಇದೆ. ಆದ್ದರಿಂದ ಮನೆಯವರನ್ನೂ ಕೇಳಬೇಕು. ಈ ತಾಲ್ಲೂಕುಗಳಲ್ಲಿ ಫ್ಲೋರೋಸಿಸ್ ತಪಾಸಣೆಗೆ ಹೋಗುವ ಆರೋಗ್ಯ ಸಿಬ್ಬಂದಿ ಆ 12 ಪ್ರಶ್ನೆಗಳ ಜೊತೆಗೆ ಈ ಮೂರನ್ನೂ ಕೇಳಲಿ: ಕುಕ್ಕರಗಾಲಲ್ಲಿ ಕೂತು ಏಳಲಾಗುತ್ತದೆಯೇ, ತುಂಬಿದ ಕೊಡ ಎತ್ತಲಾಗುತ್ತದೆಯೇ, ಬಗ್ಗಿ ಹೊಲದ ಕೆಲಸ ಮಾಡಲಾಗುತ್ತದೆಯೇ?