ಹವಳದ ತೊಟ್ಟಿಯ ಕ್ಯಾಲ್ಸಿಯಂ ಪರೀಕ್ಷೆ: ತರಗತಿಗೆ ಒಂದು ಅನುಮಾಪನ ಪಾಠ

ಅನುಮಾಪನದ ಪ್ರಾತ್ಯಕ್ಷಿಕೆ ಕೊಡಲು ಬರುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡು ಅಂಶಗಳನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿರುತ್ತಾರೆ. ಒಂದು, ಬಣ್ಣ ಬದಲಾಗುವ ಕ್ಷಣ. ಇನ್ನೊಂದು, ಕೊನೆಗೆ ಕಪ್ಪುಹಲಗೆಯ ಮೇಲೆ ಬರೆಯುವ ಸೂತ್ರ. ಬಣ್ಣ ಬದಲಾದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸೂತ್ರದಿಂದ ಉತ್ತರ ಬರುತ್ತದೆ, ಪಾಠ ಮುಗಿಯುತ್ತದೆ. ಆ ಉತ್ತರವನ್ನು ನಂಬಬಹುದೇ, ನಂಬಿದರೆ ಮುಂದೇನು ಮಾಡಬೇಕು ಎಂಬ ಪ್ರಶ್ನೆ ಬರುವುದೇ ಇಲ್ಲ. ಉತ್ತರ ತಪ್ಪಾದರೆ ಯಾರಿಗೂ ನಷ್ಟವಿಲ್ಲದ ಪ್ರಯೋಗದಲ್ಲಿ ಆ ಪ್ರಶ್ನೆ ಹುಟ್ಟುವುದೂ ಕಷ್ಟ. ಆದ್ದರಿಂದ, ಉತ್ತರವನ್ನು ತಪ್ಪಾಗಿ ಓದಿದರೆ ಜೀವಿಗಳಿಗೆ ಅಪಾಯವಾಗುವ ಒಂದು ಅನುಮಾಪನವನ್ನು ಇಲ್ಲಿ ವಿವರಿಸುತ್ತೇನೆ. ಅದು ಹವಳ ಸಾಕುವ ಅಕ್ವೇರಿಯಂನ ಕ್ಯಾಲ್ಸಿಯಂ ಪರೀಕ್ಷೆ.

ಅಮೆರಿಕ, ಜರ್ಮನಿ ಮುಂತಾದ ದೇಶಗಳಲ್ಲಿ ಮನೆಯಲ್ಲಿ ಹವಳದ ತೊಟ್ಟಿ ಇಡುವುದು ಅನೇಕರ ಹವ್ಯಾಸ. ನಮ್ಮಲ್ಲಿ ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹಾಗಾಗಿ ಕಾಲೇಜಿನಲ್ಲಿ ಹವಳ ಸಾಕುವ ಯೋಚನೆ ಬೇಡ. ಪಾಠಕ್ಕೆ ಹವಳವೇ ಬೇಕೆಂದೂ ಇಲ್ಲ. ಸಮುದ್ರದ ನೀರು, ಅಥವಾ ಅದನ್ನು ಹೋಲುವ ದ್ರಾವಣ ಸಾಕು.

ಹವಳಕ್ಕೆ ಕ್ಯಾಲ್ಸಿಯಂ ಏಕೆ ಬೇಕು?

ಹವಳವು ಪ್ರಾಣಿ. ಅದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಅಯಾನುಗಳನ್ನು ಬಳಸಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು ಕಟ್ಟುತ್ತದೆ. ಸುಣ್ಣದಕಲ್ಲು, ಅಮೃತಶಿಲೆ, ಮೊಟ್ಟೆಯ ಸಿಪ್ಪೆಗಳಲ್ಲಿ ಇರುವುದೂ ಇದೇ ಸಂಯುಕ್ತ. ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕದಲ್ಲಿ ಮಕ್ಕಳು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸಿ ಇದನ್ನು ನೋಡಿರುತ್ತಾರೆ. ಪಾಠದ ಪೂರ್ವಜ್ಞಾನ ಅಲ್ಲಿಯೇ ಸಿಗುತ್ತದೆ.

ಸಾಮಾನ್ಯ ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಲವಣವಿರುತ್ತದೆ. ಅಂಥ ಒಂದು ಲೀಟರ್ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತವೆ. ಸಮುದ್ರದಲ್ಲಿ ಹವಳ ಎಷ್ಟು ತೆಗೆದುಕೊಂಡರೂ ಈ ಪ್ರಮಾಣ ಕಡಿಮೆಯಾದಂತೆ ಕಾಣುವುದಿಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಹಾಗಲ್ಲ. ತೆಗೆದದ್ದನ್ನು ಮನೆಯವರೇ ತುಂಬಿಸಬೇಕು, ಎಷ್ಟು ತುಂಬಿಸಬೇಕೆಂದು ತಿಳಿಯಲು ಅಳೆಯಬೇಕು. ಕಡಿಮೆ ಹಾಕಿದರೆ ಹವಳದ ಬೆಳವಣಿಗೆ ನಿಲ್ಲುತ್ತದೆ. ವಿಪರೀತ ಹಾಕಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಾನಾಗಿಯೇ ಪ್ರಕ್ಷೇಪವಾಗಿ ಹೀಟರ್, ಪಂಪುಗಳ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಹವಳಕ್ಕೆ ಬೇಕಾದ ಬೈಕಾರ್ಬೊನೇಟ್ ಕೂಡ ಅದರೊಂದಿಗೆ ಹೋಗುತ್ತದೆ.

ಪರೀಕ್ಷೆಯಲ್ಲಿ ನಡೆಯುವುದೇನು?

ಪದವಿಯಲ್ಲಿ ಗಡಸು ನೀರಿನ ಅನುಮಾಪನ ಮಾಡಿದವರಿಗೆ ಇಡಿಟಿಎ ಹೊಸದಲ್ಲ. ಅದರ ಒಂದು ಅಣು ಒಂದು ಕ್ಯಾಲ್ಸಿಯಂ ಅಯಾನನ್ನು ಸುತ್ತುವರಿದು ಹಿಡಿದುಕೊಳ್ಳುತ್ತದೆ. ಸೂಚಕವೂ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ, ಆದರೆ ಅದರ ಹಿಡಿತ ಸಡಿಲ. ಇಡಿಟಿಎ ಮೊದಲು ಬಿಡಿಯಾಗಿರುವ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ, ಕೊನೆಗೆ ಸೂಚಕದ ಕೈಯಲ್ಲಿರುವುದನ್ನೂ ಕಿತ್ತುಕೊಳ್ಳುತ್ತದೆ. ಆಗ ಒಂಟಿಯಾದ ಸೂಚಕ ತನ್ನ ಸ್ವಂತ ಬಣ್ಣ ತೋರಿಸುತ್ತದೆ. ಪ್ಯಾಟನ್-ರೀಡರ್ ಸೂಚಕ ಬಳಸಿದರೆ ದ್ರಾಕ್ಷಾರಸದಂಥ ಕೆಂಪು ಹೋಗಿ ಶುದ್ಧ ನೀಲಿ ಬರುತ್ತದೆ.

ಇಲ್ಲಿ ಗಡಸು ನೀರಿನ ವಿಧಾನವನ್ನೇ ಯಥಾವತ್ತಾಗಿ ಬಳಸುವಂತಿಲ್ಲ. ಎರಿಯೊಕ್ರೋಮ್ ಬ್ಲ್ಯಾಕ್-ಟಿ ಸೂಚಕದೊಂದಿಗೆ ಪಿಎಚ್ 10ರಲ್ಲಿ ಮಾಡುವ ಆ ಪ್ರಯೋಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡನ್ನೂ ಒಟ್ಟಿಗೆ ಎಣಿಸುತ್ತದೆ. ಸಮುದ್ರದ ನೀರಿನಲ್ಲಿ ಒಂದು ಕ್ಯಾಲ್ಸಿಯಂ ಅಯಾನಿಗೆ ಸುಮಾರು ಐದು ಮೆಗ್ನೀಸಿಯಂ ಅಯಾನುಗಳಿರುತ್ತವೆ. ಎಲ್ಲವನ್ನೂ ಕ್ಯಾಲ್ಸಿಯಂ ಎಂದು ಲೆಕ್ಕ ಹಾಕಿದರೆ 420ರ ಬದಲು 2500ಕ್ಕೂ ಹೆಚ್ಚು ಉತ್ತರ ಬರುತ್ತದೆ. ಬಣ್ಣ ಮಾತ್ರ ಅಷ್ಟೇ ಚೆನ್ನಾಗಿ ಬದಲಾಗಿರುತ್ತದೆ! ಆದ್ದರಿಂದ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಅನ್ನು 12ಕ್ಕಿಂತ ಮೇಲಕ್ಕೆ ಏರಿಸಬೇಕು. ಮೆಗ್ನೀಸಿಯಂ ತನ್ನ ಹೈಡ್ರಾಕ್ಸೈಡಾಗಿ ಪ್ರಕ್ಷೇಪಗೊಳ್ಳುತ್ತದೆ. ಕ್ಯಾಲ್ಸಿಯಂ ದ್ರಾವಣದಲ್ಲಿ ಉಳಿಯುತ್ತದೆ. ನೀರು ಸ್ವಲ್ಪ ಮಬ್ಬಾಗುವುದು ಇದರ ಗುರುತು. ಮಬ್ಬು ಏಕೆ ಬಂತು ಎಂದು ಮಕ್ಕಳನ್ನು ಕೇಳದೆ ಮುಂದೆ ಹೋಗಬಾರದು.

ಮನೆಯಲ್ಲಿ ಬಳಸುವ ಕಿಟ್‌ನಲ್ಲಿ ನಡೆಯುವುದೂ ಇದೇ. ಸಾಮಾನ್ಯವಾದ ಒಂದು ಬಗೆಯಲ್ಲಿ 2 ಮಿ.ಲೀ. ನೀರು ತೆಗೆದುಕೊಂಡು, 1 ಮಿ.ಲೀ. ಸಿರಿಂಜಿನಿಂದ ಹನಿಹನಿಯಾಗಿ ಇಡಿಟಿಎ ಹಾಕುತ್ತಾರೆ. ಇಡೀ ಸಿರಿಂಜ್ ಖಾಲಿಯಾದರೆ ಲೀಟರಿಗೆ 500 ಮಿಲಿಗ್ರಾಂ ಎಂದರ್ಥ. ಅಂದರೆ ಸಿರಿಂಜಿನ ಪ್ರತಿ 0.01 ಮಿ.ಲೀ. ಗೆರೆಗೆ 5 ಮಿಲಿಗ್ರಾಂ. 0.84 ಮಿ.ಲೀ. ಖರ್ಚಾದರೆ ಉತ್ತರ 420.

360 ಎಂಬ ಸಂಖ್ಯೆ

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆಯಲ್ಲಿ 200 ಲೀಟರಿನ ಹವಳದ ತೊಟ್ಟಿಯಿದೆ. ಒಮ್ಮೆ ಫೋನ್ ಮಾಡಿ, “ಅಕ್ಕ, ಕ್ಯಾಲ್ಸಿಯಂ 360ಕ್ಕೆ ಇಳಿದಿದೆ. ಕ್ಯಾಲ್ಸಿಯಂ ಕ್ಲೋರೈಡ್ ಎಷ್ಟು ಹಾಕಬೇಕು, ಲೆಕ್ಕ ಮಾಡಿ ಹೇಳ್ತೀಯಾ?” ಎಂದಳು.

ಲೆಕ್ಕ ಸುಲಭ. 60 ಮಿಲಿಗ್ರಾಂ ಏರಿಸಲು 200 ಲೀಟರಿಗೆ 12 ಗ್ರಾಂ ಕ್ಯಾಲ್ಸಿಯಂ ಬೇಕು. ಎರಡು ಅಣು ನೀರಿರುವ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಶೇಕಡ 27ರಷ್ಟು ಕ್ಯಾಲ್ಸಿಯಂ ಇರುವುದರಿಂದ ಸುಮಾರು 44 ಗ್ರಾಂ ಹಾಕಬೇಕು. ಆ ಲೆಕ್ಕ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿದೆ.

ಮೊದಲನೆಯದು, ಮತ್ತೊಮ್ಮೆ ಅಳೆದೆಯಾ? 2 ಮಿ.ಲೀ. ನೀರಿನಲ್ಲಿ 0.1 ಮಿ.ಲೀ. ಹೆಚ್ಚುಕಡಿಮೆಯಾದರೆ ಶೇಕಡ 5ರ ವ್ಯತ್ಯಾಸ. 420ರಲ್ಲಿ ಅದು 20ಕ್ಕೂ ಹೆಚ್ಚು. ಅವಳು ಮತ್ತೆರಡು ಸಲ ಮಾಡಿದಳು. 365, 360 ಬಂತು. ಕೈತಪ್ಪಿನಿಂದ ಬಂದ ಸಂಖ್ಯೆಯಲ್ಲ ಎಂದಾಯಿತು.

ಎರಡನೆಯದು, ಕಿಟ್ ಸರಿಯಾಗಿದೆಯೇ? ಕಿಟ್ ಜೊತೆಗೆ ಬರುವ, ಪ್ರಮಾಣ ಗೊತ್ತಿರುವ ದ್ರಾವಣವನ್ನು ಅಳೆದು ನೋಡಿದಳು. ಸರಿಯಾಗಿಯೇ ತೋರಿಸಿತು.

ಮೂರನೆಯದು, ಲವಣಾಂಶ ಎಷ್ಟಿದೆ? “ಅದು ಸರಿಯಾಗೇ ಇದೆ, 35” ಎಂದಳು. ಅವಳು ಬಳಸುತ್ತಿದ್ದದ್ದು ಮುಳ್ಳು ತೇಲಿ ಮೇಲೇರುವ ಬಗೆಯ ಹೈಡ್ರೋಮೀಟರ್. ಆ ಮುಳ್ಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಅದು ಇನ್ನಷ್ಟು ಮೇಲೆದ್ದು, ಇರುವುದಕ್ಕಿಂತ ಹೆಚ್ಚು ಲವಣ ತೋರಿಸುತ್ತದೆ. ತಟ್ಟಿ ಗುಳ್ಳೆ ಬಿಡಿಸಿ ನೋಡು ಎಂದೆ. ಮುಳ್ಳು ಕೆಳಗಿಳಿಯಿತು. ಅನುಮಾನ ಬಂದು ಅಂಗಡಿಯಲ್ಲಿ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿಸಿದಳು. 30 ಇತ್ತು.

420 ಅನ್ನು 30ರಿಂದ ಗುಣಿಸಿ 35ರಿಂದ ಭಾಗಿಸಿದರೆ ಸರಿಯಾಗಿ 360. ಕ್ಯಾಲ್ಸಿಯಂ ಒಂದೇ ಕಡಿಮೆಯಾಗಿರಲಿಲ್ಲ, ಇಡೀ ನೀರೇ ತೆಳುವಾಗಿತ್ತು. ಆ 44 ಗ್ರಾಂ ಹಾಕಿ, ಮುಂದೆ ಯಾವಾಗಲೋ ಲವಣಾಂಶವನ್ನು 35ಕ್ಕೆ ತಂದಿದ್ದರೆ ಕ್ಯಾಲ್ಸಿಯಂ 480 ಮುಟ್ಟುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಹವಳಗಳಿಗೆ ನಿಜವಾಗಿ ತೊಂದರೆ ಕೊಡುತ್ತಿದ್ದ ತೆಳು ನೀರು ಹಾಗೆಯೇ ಉಳಿಯುತ್ತಿತ್ತು. ಅವಳು ಕೆಲವು ದಿನಗಳಲ್ಲಿ ನಿಧಾನವಾಗಿ ಸಮುದ್ರಲವಣದ ಮಿಶ್ರಣ ಸೇರಿಸಿ 35ಕ್ಕೆ ತಂದಳು. ಆಮೇಲೆ ಅಳೆದಾಗ ಕ್ಯಾಲ್ಸಿಯಂ 415 ಇತ್ತು.

ಈ ಪರೀಕ್ಷೆ ಹೇಳದ ಸಂಗತಿ

ಕಿಟ್ ಸರಿಯಿದ್ದು, ಲವಣಾಂಶವೂ ಸರಿಯಿದ್ದಾಗ ಕೂಡ ಈ ಪರೀಕ್ಷೆಗೆ ಒಂದು ಮಿತಿಯಿದೆ. ನೂರು ಭಾಗ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ 40 ಭಾಗ. ಹವಳಗಳು ಲೀಟರಿಗೆ 50 ಮಿಲಿಗ್ರಾಂ ಕಾರ್ಬೊನೇಟ್ ಗೂಡು ಕಟ್ಟಿದವು ಎನ್ನೋಣ. ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿಯುತ್ತದೆ. ಇದು ಶೇಕಡ 5ಕ್ಕಿಂತಲೂ ಕಡಿಮೆ. ಮನೆಯ ಕಿಟ್‌ನಲ್ಲಿ ಅಳತೆಯ ದೋಷದೊಳಗೆ ಮುಚ್ಚಿಹೋಗಬಹುದು. ಅದೇ ಹೊತ್ತಿಗೆ ನೀರಿನ ಕ್ಷಾರೀಯತೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, 140 ಇದ್ದದ್ದು 90ಕ್ಕೆ ಇಳಿದಿರುತ್ತದೆ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಖಾಲಿ! ಆದ್ದರಿಂದ ಅನುಭವವಿರುವ ಹವ್ಯಾಸಿಗಳು ದಿನದಿನದ ಬಳಕೆಯನ್ನು ತಿಳಿಯಲು, ಆಮ್ಲದಿಂದ ಮಾಡುವ ಕ್ಷಾರೀಯತೆಯ ಅನುಮಾಪನವನ್ನು ಪದೇ ಪದೇ ಮಾಡುತ್ತಾರೆ. ಕ್ಯಾಲ್ಸಿಯಂ ಅನ್ನು ಆಗಾಗ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ತುಂಬಿಸಲು ಹಲವರು ಬಳಸುವುದು ನಮ್ಮ ಸುಣ್ಣದ ತಿಳಿನೀರನ್ನೇ. ಅದರ ಪಿಎಚ್ 12ಕ್ಕಿಂತ ಹೆಚ್ಚಿರುವುದರಿಂದ ಹನಿಹನಿಯಾಗಿಯೇ ಬಿಡಬೇಕಾಗುತ್ತದೆ.

ತರಗತಿಯಲ್ಲಿ ಮಾಡುವ ಬಗೆ

ಪ್ರಯೋಗಾಲಯದಲ್ಲಿ 10 ಮಿ.ಲೀ. ಮಾದರಿ ಮತ್ತು 0.01 ಮೋಲಾರ್ ಇಡಿಟಿಎ ಬಳಸಿದರೆ ಲೆಕ್ಕ ಸರಳವಾಗುತ್ತದೆ. ಬ್ಯೂರೆಟ್ಟಿನ ಪ್ರತಿ 1 ಮಿ.ಲೀ.ಗೆ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ. ಸಮುದ್ರದ ನೀರಿಗೆ ಸುಮಾರು 10.5 ಮಿ.ಲೀ. ಖರ್ಚಾಗುತ್ತದೆ. ಸೂತ್ರವನ್ನು ಕೊಡಬೇಡಿ, ಒಂದು ಮಿ.ಲೀ.ನಲ್ಲಿ ಎಷ್ಟು ಕ್ಯಾಲ್ಸಿಯಂ ಸಿಕ್ಕಿಬೀಳುತ್ತದೆ ಎಂಬಲ್ಲಿಂದ ಮಕ್ಕಳೇ ಕಟ್ಟಲಿ. ಮಾದರಿಯನ್ನು ಭಟ್ಟಿ ಇಳಿಸಿದ ನೀರಿನಿಂದ 50 ಮಿ.ಲೀ.ಗೆ ತೆಳುಮಾಡಿಕೊಂಡರೆ ಮೆಗ್ನೀಸಿಯಂ ಪ್ರಕ್ಷೇಪ ಸೂಚಕವನ್ನು ಹೀರಿಕೊಳ್ಳುವುದು ಕಡಿಮೆಯಾಗಿ ಅಂತ್ಯಬಿಂದು ಸ್ಪಷ್ಟವಾಗುತ್ತದೆ.

ಮೂರು ದ್ರಾವಣಗಳನ್ನು ಮೊದಲೇ ಸಿದ್ಧಪಡಿಸಿ.

1. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 1 ಗ್ರಾಂ ತೂಗಿ, ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ 1 ಲೀಟರ್ ಮಾಡಿ. ಇದರಲ್ಲಿ 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದು ಪರೀಕ್ಷೆಯನ್ನೇ ಪರೀಕ್ಷಿಸುವ ದ್ರಾವಣ.

2. ಕರಾವಳಿಯಲ್ಲಿದ್ದರೆ ಸಮುದ್ರದ ನೀರನ್ನು ಸೋಸಿ ತನ್ನಿ. ನದಿ ಸೇರುವ ಜಾಗದಿಂದ ದೂರದಲ್ಲಿ, ಮಳೆಗಾಲ ಕಳೆದ ಮೇಲೆ ತಂದರೆ ಒಳ್ಳೆಯದು. ಒಳನಾಡಿನಲ್ಲಿದ್ದರೆ 1 ಲೀಟರ್ ಭಟ್ಟಿ ಇಳಿಸಿದ ನೀರಿಗೆ 27 ಗ್ರಾಂ ಸೋಡಿಯಂ ಕ್ಲೋರೈಡ್, 10.9 ಗ್ರಾಂ ಆರು ಅಣು ನೀರಿರುವ ಮೆಗ್ನೀಸಿಯಂ ಕ್ಲೋರೈಡ್, 1.54 ಗ್ರಾಂ ಎರಡು ಅಣು ನೀರಿರುವ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಈ ಪ್ರಯೋಗಕ್ಕೆ ಇಷ್ಟು ಸಾಕು.

3. ಎರಡನೆಯ ದ್ರಾವಣದ 600 ಮಿ.ಲೀ.ಗೆ 100 ಮಿ.ಲೀ. ಭಟ್ಟಿ ಇಳಿಸಿದ ನೀರು ಬೆರೆಸಿ. ಇದರ ಮೇಲೆ ‘ತೊಟ್ಟಿಯ ನೀರು’ ಎಂದಷ್ಟೇ ಬರೆಯಿರಿ.

ಸೋಡಿಯಂ ಹೈಡ್ರಾಕ್ಸೈಡ್ ಚರ್ಮ ಮತ್ತು ಕಣ್ಣನ್ನು ಸುಡುತ್ತದೆ. ಪ್ರೌಢಶಾಲೆಯಲ್ಲಿ ಅದನ್ನು ಕನ್ನಡಕ ಧರಿಸಿ ಶಿಕ್ಷಕರೇ ಹಾಕಬೇಕು. ಓದುವುದು, ದಾಖಲಿಸುವುದು, ಚರ್ಚಿಸುವುದು ಮಕ್ಕಳ ಕೆಲಸ. ಮುಗಿದ ಅನುಮಾಪನದ ಒಂದು ಫ್ಲಾಸ್ಕನ್ನು ಬಿಳಿ ಕಾಗದದ ಮೇಲೆ ಪಕ್ಕದಲ್ಲಿಟ್ಟರೆ ಬಣ್ಣವನ್ನು ಹೋಲಿಸಿ ನೋಡಬಹುದು. ಕೆಂಪು-ನೀಲಿ ಛಾಯೆಗಳನ್ನು ಬೇರ್ಪಡಿಸಲು ಕಷ್ಟಪಡುವ ಮಗುವಿಗೂ ಇದರಿಂದ ಸಹಾಯವಾಗುತ್ತದೆ.

ಮೂರನೆಯ ದ್ರಾವಣಕ್ಕೆ ಸುಮಾರು 9 ಮಿ.ಲೀ. ಖರ್ಚಾಗಿ 360 ಬಂದಾಗ ಪಾಠದ ಮುಖ್ಯ ಭಾಗ ಶುರುವಾಗುತ್ತದೆ. “ಈ ತೊಟ್ಟಿಯಲ್ಲಿ ಹವಳವಿದೆ. ಈಗ ಏನು ಮಾಡೋಣ?” ಎಂದು ಕೇಳಿ ಸುಮ್ಮನಿರಿ. “ಕ್ಯಾಲ್ಸಿಯಂ ಹಾಕೋಣ” ಎಂಬ ಉತ್ತರ ಮೊದಲು ಬರುತ್ತದೆ. ತಪ್ಪು ಎನ್ನಬೇಡಿ. “ಹಾಕುವ ಮೊದಲು ಇನ್ನೇನು ತಿಳಿಯಬೇಕು?” ಎಂದು ಕೇಳಿ. ಮತ್ತೆ ಅಳೆಯೋಣ, ಗೊತ್ತಿರುವ ದ್ರಾವಣದಲ್ಲಿ ನೋಡೋಣ ಎಂಬ ಸಲಹೆಗಳು ಒಂದೊಂದಾಗಿ ಬರಲಿ. ಎರಡನೆಯ ಮತ್ತು ಮೂರನೆಯ ದ್ರಾವಣಗಳ ಸಮಾನ ಗಾತ್ರವನ್ನು ತೂಗುವಂತೆ, ಇಲ್ಲವೇ ಹೈಡ್ರೋಮೀಟರಿನಲ್ಲಿ ನೋಡುವಂತೆ ಯಾವುದಾದರೂ ಗುಂಪು ಕೇಳಿದರೆ, ಅಂದಿನ ಕಲಿಕಾ ಫಲ ಸಿಕ್ಕಿತು ಎನ್ನಬಹುದು. ಯಾರೂ ಕೇಳದಿದ್ದರೆ ಎರಡೂ ಬಾಟಲಿಗಳನ್ನು ತಕ್ಕಡಿಯ ಪಕ್ಕದಲ್ಲಿಡಿ, ಬಾಯಿಬಿಟ್ಟು ಹೇಳಬೇಡಿ.

ವಿಮರ್ಶಾ ಪಾಠದಲ್ಲಿ ವೀಕ್ಷಕರಾಗಿ ಕೂರುವವರು ಮೂರು ಅಂಶಗಳನ್ನು ಗಮನಿಸಬಹುದು. ಮೆಗ್ನೀಸಿಯಂ ಅನ್ನು ಹೊರಗಿಟ್ಟ ಕಾರಣ ಮಕ್ಕಳ ಬಾಯಿಂದ ಬಂತೇ? ಒಂದೇ ಓದಿಗೆ ತೃಪ್ತರಾಗದೆ ಮತ್ತೆ ಅಳೆದರೇ? 360 ಬಂದ ಮೇಲೆ ಕ್ರಮ ಕೈಗೊಳ್ಳುವ ಮೊದಲು ಕಾರಣ ಹುಡುಕಿದರೇ? ಪಾಠ ಯೋಜನೆಯಲ್ಲಿ ಇದಕ್ಕೆ ಎರಡು ಅವಧಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಒಂದನೆಯ ಮತ್ತು ಎರಡನೆಯ ದ್ರಾವಣಗಳನ್ನು ಅಳೆದು ಮುಗಿಸಿದರೆ, ಎರಡನೆಯ ಅವಧಿಯನ್ನು ಪೂರ್ತಿಯಾಗಿ ‘ತೊಟ್ಟಿಯ ನೀರಿಗೆ’ ಕೊಡಬಹುದು.